ಅಗ್ಗದ ಡೈನೋಸಾರ್ ರೋಬೋ ಆಟಿಕೆಯ ವಿಮರ್ಶೆ ಬರೆಯುವುದು ಹೇಗೆ: ಅಂಗಡಿಯಿಂದ ಶುರುಮಾಡಿ ತಿಂಗಳ ನಂತರದವರೆಗೆ

ಕುಂಬಳೆ ಬೆಡಿಗೆ, ಅಂದರೆ ದೇವಸ್ಥಾನದ ಜಾತ್ರೆಯ ಸುಡುಮದ್ದಿಗೆ, ಹೋಗಿದ್ದಾಗ ಸಂತೆಯಲ್ಲಿ ನನ್ನ ಅಳಿಯನ ಕಣ್ಣಿಗೆ ಒಂದು ಡೈನೋಸಾರ್ ಬಿತ್ತು. ತಂಗಿಯ ಮಗ, ಏಳು ವರ್ಷ, ಬದಿಯಡ್ಕದ ಕಡೆ ಕನ್ನಡ ಮೀಡಿಯಂನಲ್ಲಿ ಎರಡನೇ ಕ್ಲಾಸು. ಅಂಗಡಿಯವರು ಅದರ ಬಾಲವನ್ನು ಸೀಳಿ ಎರಡು ಕಾಲು ಮಾಡಿದರು, ತಲೆಯನ್ನು ಮಡಚಿ ಎದೆಗೆ ಒತ್ತಿದರು, ಒಳಗಿಂದ ರೋಬೋ ತಲೆ ಎದ್ದು ಬಂತು. ಹುಡುಗ ಅಲ್ಲಿಂದ ಕದಲಲಿಲ್ಲ. ನಾನು ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆ. ಐಎಸ್‌ಐ ಗುರುತು ಇಲ್ಲ, ಮಾಡಿದವರ ವಿಳಾಸವೂ ಇಲ್ಲ. ಬೇಡ ಅಂದೆ. ಬೆಡಿ ಮುಗಿಯುವವರೆಗೂ ಅವನು ನನ್ನ ಹತ್ತಿರ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ಗುರುತು ಇದ್ದದ್ದನ್ನೇ ಹುಡುಕಿ 449 ರೂಪಾಯಿಗೆ ಕೊಡಿಸಿದೆ.

ಕೊಳ್ಳುವ ಮೊದಲು ಫೋನಿನಲ್ಲಿ ವಿಮರ್ಶೆ ಹುಡುಕಿದ್ದೆ. ಕನ್ನಡದಲ್ಲಿ ನನಗೆ ಒಂದೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು "ತುಂಬಾ ಚೆನ್ನಾಗಿದೆ, ಮಗುವಿಗೆ ಇಷ್ಟವಾಯಿತು" ಅಂತ ಒಂದೇ ಸಾಲು, ಅದೂ ಡಬ್ಬಿ ಬಂದ ದಿನವೇ ಬರೆದದ್ದು. ನನಗೆ ಬೇಕಾಗಿದ್ದ ಉತ್ತರ ಎರಡೇ. ಮಗು ಯಾರ ಸಹಾಯವೂ ಇಲ್ಲದೆ ಇದನ್ನು ಬದಲಿಸಬಲ್ಲದಾ? ತಿಂಗಳಾದ ಮೇಲೂ ಇದನ್ನು ಬದಲಿಸಲು ಆಗುತ್ತದಾ? ಈ ಎರಡಕ್ಕೆ ಉತ್ತರ ಕೊಡುವ ವಿಮರ್ಶೆಯನ್ನು ಯಾರು ಬೇಕಾದರೂ ಬರೆಯಬಹುದು. ಸ್ವಲ್ಪ ತಾಳ್ಮೆ ಬೇಕು, ಒಂದು ಮಗು ಬೇಕು, ಒಂದು ನೋಟ್‌ಬುಕ್ ಬೇಕು. ನಾನು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಅಂಗಡಿಯಲ್ಲೇ

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. 14 ವರ್ಷದ ಒಳಗಿನ ಮಕ್ಕಳು ಆಡುವ ಸಾಮಾನಿಗೆ ಈ ನಿಯಮ. ಗುರುತಿನ ಮೇಲೆ ಮಾನದಂಡದ ನಂಬರ್ ಇರುತ್ತದೆ. ಬ್ಯಾಟರಿ ಇಲ್ಲದ ಆಟಿಕೆಗೆ ಐಎಸ್ 9873, ಬ್ಯಾಟರಿ ಅಥವಾ ಕರೆಂಟಿನಲ್ಲಿ ನಡೆಯುವುದಕ್ಕೆ ಐಎಸ್ 15644. ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್. ಈ ನಂಬರನ್ನು, ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು, ಈಗ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ, ಅಂಗಡಿಯ ಮುಂದೆ ನಿಂತೇ ಮಾಡಬಹುದು. ವಿಮರ್ಶೆಯಲ್ಲಿ ಇದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ: ಗುರುತು ಇತ್ತು, ನಂಬರ್ ಹಾಕಿ ನೋಡಿದೆ, ಹೆಸರು ಡಬ್ಬಿಯ ಹೆಸರಿಗೆ ತಾಳೆಯಾಯಿತು ಅಥವಾ ಆಗಲಿಲ್ಲ. ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಆ ನಂಬರನ್ನೂ ಬರಹದಲ್ಲಿ ಹಾಕಿ.

ಬಿಲ್ ಕೇಳಿ ತಗೊಳ್ಳಿ. ನೀವು ನಿಜಕ್ಕೂ ಕೊಟ್ಟ ದುಡ್ಡೇ ವಿಮರ್ಶೆಯ ಬೆಲೆ. ಡಬ್ಬಿಯ ಮೇಲೆ 1,299 ಅಂತ ಬರೆದು ಗೀಟು ಹೊಡೆದಿದ್ದರೆ ಅದಕ್ಕೆ ಅರ್ಥವಿಲ್ಲ. ಇದೇ ಅಚ್ಚಿನ ಆಟಿಕೆ ಮೂರು ನಾಲ್ಕು ಬೇರೆ ಹೆಸರಿನಲ್ಲಿ ಆನ್‌ಲೈನಿನಲ್ಲಿ ಇರುವುದು ಸಾಮಾನ್ಯ, ಆದ್ದರಿಂದ ಹೆಸರಿನಿಂದ ಹುಡುಕುವ ಬದಲು ಫೋಟೋ ತೆಗೆದು ಫೋಟೋದಿಂದಲೇ ಹುಡುಕಿ, ಸಿಕ್ಕಿದ ಬೆಲೆಗಳನ್ನು ಬರೆದಿಟ್ಟುಕೊಳ್ಳಿ.

ಡಬ್ಬಿ ಬಿಚ್ಚುವಾಗ ಅವಸರ ಬೇಡ

ಮಗುವಿಗೆ ಅವಸರ ಇರುತ್ತದೆ, ಪಾಪ. ಹತ್ತು ನಿಮಿಷ ಕೇಳಿಕೊಳ್ಳಿ. ಡಬ್ಬಿಯ ಆರೂ ಮುಖದ ಫೋಟೋ ತೆಗೆಯಿರಿ. ಚಿತ್ರದಲ್ಲಿ ಇರುವುದೆಲ್ಲ ಒಳಗೆ ಇದೆಯಾ ನೋಡಿ. ನಮ್ಮದರಲ್ಲಿ ಡಬ್ಬಿಯ ಮೇಲಿನ ಡೈನೋಸಾರಿಗೆ ಕಣ್ಣು ಕೆಂಪಗೆ ಉರಿಯುತ್ತಿತ್ತು, ಒಳಗಿನದಕ್ಕೆ ಬರೀ ಕೆಂಪು ಬಣ್ಣದ ಚುಕ್ಕೆ. ಇದು ಬರೆಯಲೇಬೇಕಾದ ವಿಷಯ, ಯಾಕೆಂದರೆ ಹುಡುಗ ಮೊದಲು ಕೇಳಿದ್ದೇ "ಮಾವಾ, ಲೈಟ್ ಎಲ್ಲಿ?" ಅಂತ.

ಗಾತ್ರಕ್ಕೆ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಡ್ಡಗಲ 27 ಮಿಲಿಮೀಟರ್, ಎಲ್ಲರ ಮನೆಯಲ್ಲೂ ಇರುತ್ತದೆ. ಬೆಳಿಗ್ಗೆ ಜಗಲಿಯ ಬೆಳಕಿನಲ್ಲಿ, ಅಡಿಕೆ ಹಾಳೆಯ ಮೇಲೆ ಇಟ್ಟು ತೆಗೆದರೆ ಬಣ್ಣ ಇದ್ದ ಹಾಗೆ ಬರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ. ನಮ್ಮದು 138 ಗ್ರಾಂ, ರೋಬೋ ಆಗಿ ನಿಂತಾಗ 17 ಸೆಂಟಿಮೀಟರ್.

ಇನ್ನು ಕೈಯಲ್ಲಿ ಹಿಡಿದು ನೋಡುವುದು. ಪ್ಲಾಸ್ಟಿಕ್ ಆಟಿಕೆಯ ಭಾಗಗಳನ್ನು ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಒತ್ತಿ ಮಾಡುತ್ತಾರೆ. ಪ್ಲಾಸ್ಟಿಕ್ ಒಳಗೆ ಹೋದ ಬಾಯಿಯನ್ನು ಆಮೇಲೆ ಕತ್ತರಿಸುತ್ತಾರೆ, ಅಗ್ಗದ ಮಾಲಿನಲ್ಲಿ ಆ ಜಾಗ ಚೂಪಾಗಿ ಉಳಿದಿರುತ್ತದೆ. ಅಚ್ಚಿನ ಎರಡು ಹೋಳು ಸೇರುವ ಗೆರೆಯಲ್ಲೂ ತೆಳ್ಳಗಿನ ಅಂಚು ಎದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಒಂದು ಚೂರು ಹತ್ತಿ ತಗೊಂಡು ಎಲ್ಲಾ ಅಂಚಿನ ಮೇಲೆ ಮೆಲ್ಲಗೆ ಸವರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮಗುವಿನ ಬೆರಳೂ ಗೀರುತ್ತದೆ. ನಮ್ಮದರಲ್ಲಿ ಬಾಲದ ಒಳಬದಿಯಲ್ಲಿ ಎರಡು ಕಡೆ ಎಳೆ ನಿಂತಿತು. ಉಗುರು ಉಜ್ಜುವ ಅರದಿಂದ ನಾಲ್ಕು ಸಲ ಉಜ್ಜಿದೆ, ಹೋಯಿತು. ಹೋಯಿತು ಅನ್ನುವುದನ್ನೂ ಬರೆಯಿರಿ, ಇತ್ತು ಅನ್ನುವುದನ್ನೂ ಬರೆಯಿರಿ.

ಬಣ್ಣಕ್ಕೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದರೆ ಸಾಕು. ಬೆಳ್ಳಿಯ ಹಾಗೆ ಹೊಳೆಯುವ ಲೇಪ ಇದ್ದರೆ ಕೀಲಿನ ಹತ್ತಿರ ಗಮನ ಇಡಿ, ಅದು ತಿಕ್ಕಿ ತಿಕ್ಕಿ ಅಲ್ಲಿಂದಲೇ ಏಳಲು ಶುರುವಾಗುತ್ತದೆ.

ಕೀಲುಗಳು: ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ

ರೂಪ ಬದಲಿಸುವ ಆಟಿಕೆ ಅಂದರೆ ಕೀಲುಗಳೇ. ಚಂದದ ಮುಖ, ದೊಡ್ಡ ಹಲ್ಲು ಎಲ್ಲ ಮೊದಲ ದಿನಕ್ಕೆ. ಕೀಲು ಸರಿಯಿಲ್ಲದಿದ್ದರೆ ಎರಡನೇ ವಾರಕ್ಕೆ ಅದು ಮಂಚದ ಅಡಿಗೆ ಹೋಗುತ್ತದೆ.

ಮೂರು ಥರದ ಕೀಲು ಸಿಗುತ್ತವೆ, ಮೂರನ್ನೂ ಬೇರೆ ಬೇರೆಯಾಗಿ ಎಣಿಸಿ. ಒಂದು, ಬಾಗಿಲಿನ ಹಾಗೆ ಒಂದೇ ಕಡೆಗೆ ಮಡಚುವ ಕೀಲು, ನಡುವೆ ಲೋಹದ ಕಡ್ಡಿ ಇರುತ್ತದೆ. ಎರಡು, ಗುಂಡು ಕೀಲು, ನಮ್ಮ ಭುಜದ ಹಾಗೆ ಒಂದು ಗುಂಡು ಒಂದು ಗೂಡಿನೊಳಗೆ ಕೂತು ಎಲ್ಲಾ ಕಡೆ ತಿರುಗುತ್ತದೆ. ಮೂರು, ಟಿಕ್ ಟಿಕ್ ಅಂತ ಹಲ್ಲಿನ ಮೇಲೆ ನಿಂತು ನಿಂತು ತಿರುಗುವುದು. ಈ ಮೂರನೆಯದು ಅಗ್ಗದ ಆಟಿಕೆಯಲ್ಲಿ ಇದ್ದರೆ ದಪ್ಪ ಅಕ್ಷರದಲ್ಲಿ ಬರೆಯಿರಿ, ಯಾಕೆಂದರೆ ಅದು ಸುಲಭಕ್ಕೆ ಸಡಿಲಾಗುವುದಿಲ್ಲ. ನಮ್ಮದರಲ್ಲಿ ಮಡಚುವ ಕೀಲು ಒಂಬತ್ತು, ಗುಂಡು ಕೀಲು ನಾಲ್ಕು, ಹಲ್ಲಿನದು ಒಂದೂ ಇರಲಿಲ್ಲ.

ಪರೀಕ್ಷೆ ಸುಲಭ. ರೋಬೋವಿನ ಕೈಯನ್ನು ನೆಲಕ್ಕೆ ಸಮವಾಗಿ ಎತ್ತಿ ಬಿಡಿ, ನಿಲ್ಲುತ್ತದಾ? ಒಂದು ಕಾಲು ಮುಂದಿಟ್ಟು ನಿಲ್ಲಿಸಿ, ಊಟದ ಮೇಜನ್ನು ಸ್ವಲ್ಪ ತಟ್ಟಿ, ಬೀಳುತ್ತದಾ? ಇದನ್ನು ಮೊದಲ ದಿನ ಮಾಡಿ, ಹತ್ತನೇ ದಿನ ಮಾಡಿ, ಮೂವತ್ತನೇ ದಿನ ಮಾಡಿ. ಮೂರು ಸಲದ ಉತ್ತರ ಪಕ್ಕಪಕ್ಕ ಬರೆದರೆ ಓದುವವರಿಗೆ ಬೇರೇನೂ ಹೇಳಬೇಕಾಗಿಲ್ಲ.

ಬಿಳಿಗೆರೆ ನೋಡಿ. ಬಣ್ಣದ ಗಟ್ಟಿ ಪ್ಲಾಸ್ಟಿಕ್, ಇದು ಸಾಮಾನ್ಯವಾಗಿ ಎಬಿಎಸ್, ಮಿತಿ ಮೀರಿ ಬಾಗಿದಾಗ ಒಡೆಯುವ ಮೊದಲು ಆ ಜಾಗದಲ್ಲಿ ಬಿಳಿಚಿಕೊಳ್ಳುತ್ತದೆ. ಕಡ್ಡಿ ತೂರಿಸಿದ ತೂತಿನ ಸುತ್ತ, ತೆಳ್ಳಗಿನ ಕತ್ತಿನ ಬುಡದಲ್ಲಿ, ಬಾಲ ಸೀಳುವ ಮೂಲೆಯಲ್ಲಿ ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ಬಿಳಿಗೆರೆ ಕಂಡರೆ ಹತ್ತಿರದ ಫೋಟೋ ತೆಗೆಯಿರಿ. ವಿಮರ್ಶೆಯಲ್ಲಿ ಎಲ್ಲಕ್ಕಿಂತ ಬೆಲೆ ಇರುವ ಫೋಟೋ ಇದೇ.

ಇನ್ನೊಂದು ಮಾತು, ಇದನ್ನು ಜನ ತುಂಬಾ ತಪ್ಪಾಗಿ ಬರೆಯುತ್ತಾರೆ. ಕಳಚಿದ್ದು ಬೇರೆ, ಮುರಿದದ್ದು ಬೇರೆ. ಮೂರನೇ ದಿನ ನಮ್ಮ ಡೈನೋಸಾರಿನ ಎಡಗೈ ಹುಡುಗನ ಕೈಯಲ್ಲಿ ಬಂದುಬಿಟ್ಟಿತು. ಅವನ ಮುಖ ನೋಡಲಾಗಲಿಲ್ಲ. ತಂಗಿ ಒಳಗಿಂದಲೇ "ನೋಡಣ್ಣ, ಅಗ್ಗದ್ದು ತಂದರೆ ಹೀಗೇ" ಅಂದಳು. ನಾನು ನೋಡಿದರೆ ಗುಂಡು ಗೂಡಿನಿಂದ ಆಚೆ ಬಂದಿತ್ತು, ಅಷ್ಟೇ. ಹೆಬ್ಬೆರಳಿನಿಂದ ಒತ್ತಿದೆ, ಟಕ್ ಅಂತ ಕೂತಿತು. ಗುಂಡು ಕೀಲಿನ ಒಳ್ಳೆಯ ಗುಣವೇ ಇದು. ಜಾಸ್ತಿ ಒತ್ತಡ ಬಿದ್ದಾಗ ಒಡೆಯದೆ ಕಳಚಿಕೊಳ್ಳುತ್ತದೆ. ಆ ದಿನ "ಮೂರೇ ದಿನಕ್ಕೆ ಮುರಿಯಿತು, ಒಂದು ಸ್ಟಾರ್" ಅಂತ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ಗುಂಡು ಸಡಿಲಾದರೆ ಮನೆಮದ್ದು ಇದೆ. ಕೀಲನ್ನು ಕಳಚಿ, ಗುಂಡಿನ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಒಂದು ಸುತ್ತು ಹಚ್ಚಿ, ಒಂದು ಇಡೀ ದಿನ ಒಣಗಲು ಬಿಟ್ಟು ಆಮೇಲೆ ಕೂರಿಸಿ. ಒದ್ದೆ ಇರುವಾಗ ಕೂರಿಸಿದರೆ ಅಂಟಿಕೊಂಡುಬಿಡುತ್ತದೆ, ಆ ಅವಸರ ಮಾಡಬೇಡಿ. ಗುಂಡು ಒಂದು ಕೂದಲೆಳೆಯಷ್ಟು ದಪ್ಪವಾಗುತ್ತದೆ, ಕೈ ಮತ್ತೆ ನಿಲ್ಲುತ್ತದೆ.

ಬದಲಾಯಿಸಿ, ಗಡಿಯಾರ ಹಿಡಿಯಿರಿ

ಮೊದಲ ಸಲ ಡಬ್ಬಿಯೊಳಗಿನ ಸೂಚನೆಯ ಕಾಗದ ನೋಡಿಕೊಂಡು, ಎರಡನೇ ಸಲ ನೋಡದೆ. ಡಬ್ಬಿಯ ಮೇಲೆ ಎಷ್ಟು ಹಂತ ಅಂತ ಬರೆದಿದ್ದರೂ ನೀವೇ ಎಣಿಸಿ. ಒಂದು ಭಾಗ ಕದಲಿದರೆ ಒಂದು ಹಂತ, ಅಷ್ಟೇ ಲೆಕ್ಕ. ಎಡಗಾಲು ಬಲಗಾಲು ಎರಡು ಹಂತ. ನಮ್ಮದಕ್ಕೆ ನಾನು ಎಣಿಸಿದ್ದು 15.

ಕಾಗದದ ಬಗ್ಗೆ ಎರಡು ಸಾಲು ಖಂಡಿತ ಬರೆಯಿರಿ. ನಮಗೆ ಸಿಕ್ಕಿದ್ದು ಬೀಡಿಕಟ್ಟಿನ ಅಗಲದ ಕಾಗದ, ಚಿತ್ರಗಳು ಕಪ್ಪಗೆ ಮಸಿ ಹಿಡಿದ ಹಾಗೆ, ಮಾತು ಇಂಗ್ಲಿಷಿನಲ್ಲಿ. ಎರಡನೇ ಕ್ಲಾಸಿನ ಹುಡುಗನಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಅದಕ್ಕೇ ನಾನು ಹದಿನೈದು ಹಂತವನ್ನೂ ಕನ್ನಡದಲ್ಲಿ ಬರೆದು ವಿಮರ್ಶೆಯ ಒಳಗೇ ಹಾಕಿದೆ: "ಮೊದಲು ಬಾಲದ ತುದಿಯನ್ನು ಹಿಡಿದು ಎರಡು ಕಡೆಗೆ ಎಳೆ. ಆಮೇಲೆ ಹೊಟ್ಟೆಯ ಮುಚ್ಚಳ ಕೆಳಗೆ ಇಳಿಸು." ಕಾಸರಗೋಡಿನಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿಗೆ ಆಟಿಕೆಯ ಜೊತೆ ಕನ್ನಡದ ಕಾಗದ ಸಿಗುವುದಿಲ್ಲ. ನೀವು ಬರೆದರೆ ಸಿಗುತ್ತದೆ. ಈ ಒಂದು ಕಾರಣಕ್ಕಾದರೂ ವಿಮರ್ಶೆಯನ್ನು ಕನ್ನಡದಲ್ಲೇ ಬರೆಯಿರಿ ಅಂತ ನಾನು ಕೇಳಿಕೊಳ್ಳುತ್ತೇನೆ.

ವಿಡಿಯೋ ಮಾಡುವುದಾದರೆ ಎಲ್ಲೂ ಕತ್ತರಿಸದೆ ಒಂದೇ ಉಸಿರಿಗೆ ತೆಗೆಯಿರಿ. ಕತ್ತರಿಸಿದ ಕಡೆಯೇ ಕಷ್ಟದ ಹಂತ ಇರುತ್ತದೆ. ನಮ್ಮದರಲ್ಲಿ ಅದು ಹನ್ನೊಂದನೆಯದು: ಎದೆಯ ಎರಡೂ ಬದಿಯ ಗೂಟಗಳು ಒಟ್ಟಿಗೆ ತೂತಿಗೆ ಕೂರಬೇಕು, ಒಂದು ಕೂತರೆ ಇನ್ನೊಂದು ಏಳುತ್ತದೆ. ಡೈನೋಸಾರಿನ ಕೆಳದವಡೆಯನ್ನು ಸ್ವಲ್ಪ ತೆರೆದು ಹಿಡಿದರೆ ಎರಡೂ ಕೂರುತ್ತವೆ ಅಂತ ಗೊತ್ತಾಗಲು ನನಗೆ ಅರ್ಧ ಸಂಜೆ ಬೇಕಾಯಿತು.

ಈಗ ಮಗುವಿನ ಕೈಗೆ ಕೊಟ್ಟು ನೀವು ಸುಮ್ನೆ ಕೂತುಕೊಳ್ಳಿ

ಸುಮ್ನೆ ಕೂರುವುದೇ ಕಷ್ಟ. "ಹಾಗಲ್ಲ, ಹೀಗೆ" ಅಂತ ಬಾಯಿಗೆ ಬರುತ್ತದೆ. ತಡೆಯಿರಿ. ಮಗು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾಸ್ತಿ ಬಲ ಹಾಕುತ್ತದೆ, ಎಲ್ಲಿ ಹಲ್ಲು ಹಾಕುತ್ತದೆ, ಎಲ್ಲಿ ನಿಮ್ಮ ಮುಖ ನೋಡುತ್ತದೆ ಅಂತ ಬರೆದಿಟ್ಟುಕೊಳ್ಳಿ. ದೊಡ್ಡವರ ಹೆಬ್ಬೆರಳಿಗೆ ಸಲೀಸಾದ ಕೀಲು ಏಳು ವರ್ಷದ ಬೆರಳಿಗೆ ಕಲ್ಲಿನ ಹಾಗೆ ಇರಬಹುದು.

ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ. ಮೊದಲ ದಿನ: 22 ನಿಮಿಷ, ಮೂರು ಸಲ ಸಹಾಯ ಕೇಳಿದ. ನಾಲ್ಕನೇ ದಿನ: 6 ನಿಮಿಷ, ಹನ್ನೊಂದನೇ ಹಂತಕ್ಕೆ ಮಾತ್ರ ಕೇಳಿದ. ಎರಡನೇ ವಾರ: ಎರಡು ನಿಮಿಷಕ್ಕಿಂತ ಕಡಿಮೆ, ಶಾಲೆಯಿಂದ ಬಂದು ಚಪ್ಪಲಿ ಬಿಡದೆಯೇ ಮಾಡಿ ತೋರಿಸಿದ. ಆ ದಿನ ಅವನು ಹನ್ನೊಂದನೇ ಹಂತಕ್ಕೆ ನನ್ನದಕ್ಕಿಂತ ಸುಲಭದ ದಾರಿ ಕಂಡುಹಿಡಿದಿದ್ದ. ಮೊದಲು ಕುತ್ತಿಗೆಯನ್ನು ಒಂದು ಬದಿಗೆ ತಿರುಗಿಸಿ, ಗೂಟ ಕೂರಿಸಿ, ಆಮೇಲೆ ಕುತ್ತಿಗೆ ನೇರ ಮಾಡುವುದು. ನಾನು ವಿಮರ್ಶೆಯಲ್ಲಿ ಆ ಹಂತವನ್ನು ತಿದ್ದಿ ಅವನ ದಾರಿಯನ್ನೇ ಬರೆದೆ.

ಸಾಧ್ಯವಾದರೆ ಪಕ್ಕದ ಮನೆಯ ಇನ್ನೊಂದು ಮಗುವಿಗೂ ಕೊಡಿ. ಐದು ವರ್ಷದ ಹುಡುಗಿಯೊಬ್ಬಳು ಡೈನೋಸಾರಿನಿಂದ ರೋಬೋ ಮಾಡಿದಳು, ಆದರೆ ವಾಪಸ್ ಬರಲು ಆಗಲಿಲ್ಲ. ವಾಪಸ್ ಬರುವುದು ಹೆಚ್ಚು ಕಷ್ಟ ಇರಬಹುದು, ಅದನ್ನು ಬೇರೆಯಾಗಿ ಬರೆಯಿರಿ.

ಡೈನೋಸಾರ್ ಆಗಿ ಹೇಗಿದೆ ಅಂತ ಹೇಳಿ

ಇದನ್ನು ಯಾರೂ ಬರೆಯುವುದಿಲ್ಲ, ಮಕ್ಕಳು ಇದನ್ನೇ ಕೇಳುತ್ತಾರೆ. ನಮ್ಮದು ಟಿ-ರೆಕ್ಸ್, ದೊಡ್ಡ ತಲೆಯ, ಪುಟ್ಟ ಕೈಯ ಮಾಂಸಾಹಾರಿ. ನಿಜವಾದ ಟಿ-ರೆಕ್ಸ್‌ಗೆ ಒಂದು ಕೈಯಲ್ಲಿ ಎರಡೇ ಬೆರಳು. ಆಟಿಕೆಯಲ್ಲಿ ಮೂರು ಇದ್ದರೆ ಬರೆಯಿರಿ. ನಿಜವಾದದ್ದು ಬೆನ್ನು ಮತ್ತು ಬಾಲವನ್ನು ನೆಲಕ್ಕೆ ಸಮವಾಗಿ ಇಟ್ಟು ನಡೆಯುತ್ತಿತ್ತು, ಬಾಲ ಎಳೆದುಕೊಂಡು ನೆಟ್ಟಗೆ ನಿಲ್ಲುವುದು ಹಳೇ ಕಾಲದ ಚಿತ್ರ. ಅಗ್ಗದ ಆಟಿಕೆಯಲ್ಲಿ ಬಾಲ ನೆಲಕ್ಕೆ ತಾಗುವುದಕ್ಕೆ ಬೇರೆ ಕಾರಣ ಇದೆ, ಅದು ಮೂರನೇ ಕಾಲಿನ ಹಾಗೆ ಭಾರ ಹೊರುತ್ತದೆ, ಇಲ್ಲದಿದ್ದರೆ ಮುಂದಕ್ಕೆ ಬೀಳುತ್ತದೆ. ನಮ್ಮ ಡಬ್ಬಿಯ ಮೇಲೆ ಜುರಾಸಿಕ್ ಅಂತ ದೊಡ್ಡದಾಗಿ ಬರೆದಿತ್ತು. ಟಿ-ರೆಕ್ಸ್ ಜುರಾಸಿಕ್ ಕಾಲದ್ದಲ್ಲ. ಅದು ಬದುಕಿದ್ದು ಕ್ರಿಟೇಶಿಯಸ್ ಕಾಲದ ಕೊನೆಯಲ್ಲಿ, ಸುಮಾರು 6.8 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ಬೆನ್ನ ಮೇಲೆ ಹಲಗೆ ಇರುವ ಸ್ಟೆಗೋಸಾರಸ್ ಜುರಾಸಿಕ್ ಕಾಲದ್ದು. ರೆಕ್ಕೆಯ ಟೆರನೊಡಾನ್ ಡೈನೋಸಾರೇ ಅಲ್ಲ, ಹಾರುವ ಸರೀಸೃಪಗಳ ಬೇರೆ ಗುಂಪು.

ಹುಡುಗನಿಗೆ ಇದನ್ನೆಲ್ಲ ಹೇಳುವಾಗ ಗುಜರಾತಿನಲ್ಲಿ ಸಿಕ್ಕಿದ ರಾಜಾಸಾರಸ್ ಬಗ್ಗೆಯೂ ಹೇಳಿದೆ. ತಲೆಯ ಮೇಲೆ ಚಿಕ್ಕ ಕೊಂಬಿನಂಥ ಉಬ್ಬು ಇದ್ದ ಮಾಂಸಾಹಾರಿ, 2003ರಲ್ಲಿ ಅದಕ್ಕೆ ನರ್ಮದಾ ನದಿಯ ಹೆಸರು ಸೇರಿಸಿ ರಾಜಾಸಾರಸ್ ನರ್ಮದೆನ್ಸಿಸ್ ಅಂತ ಹೆಸರಿಟ್ಟರು. ಅವನು ಆಟಿಕೆಯ ನೆತ್ತಿಯ ಮೇಲೆ ಹುಣಸೆಬೀಜ ಅಂಟಿಸಿ ಎರಡು ದಿನ ಹಾಗೇ ಆಡಿದ.

ಆಟಿಕೆಯ ಹಿನ್ನೆಲೆಯೂ ಒಂದು ಸಾಲು ಇರಲಿ. ಜಪಾನಿನ ಟಕಾರ ಕಂಪನಿಯ ರೂಪ ಬದಲಿಸುವ ಆಟಿಕೆಗಳನ್ನು ಅಮೆರಿಕದ ಹ್ಯಾಸ್‌ಬ್ರೋ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅನ್ನುವ ಹೆಸರಿನಲ್ಲಿ ಮಾರಿತು. ಮರುವರ್ಷ 1985ರಲ್ಲಿ ಡೈನೋಸಾರ್ ಆಗುವ ಡೈನೋಬಾಟ್‌ಗಳು ಬಂದವು, ಟಿ-ರೆಕ್ಸ್ ಆಗುವ ಗ್ರಿಮ್‌ಲಾಕ್ ಅದರಲ್ಲೇ ಇದ್ದದ್ದು. ಇಂದಿನ ಅಗ್ಗದ ಆಟಿಕೆಗಳೆಲ್ಲ ಹಿಡಿದಿರುವುದು ಆ ದಾರಿಯನ್ನೇ. ಕೊಂಡದ್ದು ಮೂಲ ಕಂಪನಿಯದ್ದೋ ಬೇರೆಯವರದೋ ಅಂತ ಸ್ಪಷ್ಟವಾಗಿ ಹೇಳಿ.

ಬೀಳಿಸುವುದು, ಚಿಕ್ಕ ಚೂರು, ಬ್ಯಾಟರಿ

ಮಗುವಿನ ಸೊಂಟದ ಎತ್ತರದಿಂದ ಮೂರು ಸಲ ಬೀಳಿಸಿ, ಒಮ್ಮೆ ಜಗಲಿಯ ಕಾವಿ ನೆಲಕ್ಕೆ, ಒಮ್ಮೆ ಅಂಗಳದ ಮಣ್ಣಿಗೆ, ಒಮ್ಮೆ ಮುರಕಲ್ಲಿನ ಮೆಟ್ಟಿಲಿಗೆ. ಡೈನೋಸಾರ್ ರೂಪದಲ್ಲಿ ಬೀಳಿಸಿ, ಆಡುವಾಗ ಜಾಸ್ತಿ ಹೊತ್ತು ಇರುವುದು ಹಾಗೆ. ಏನು ಕಳಚಿತು, ಏನು ಒಡೆಯಿತು ಅಂತ ಬರೆಯಿರಿ.

ಮನೆಯಲ್ಲಿ ಮೂರು ವರ್ಷದ ಒಳಗಿನ ಮಗು ಇದ್ದರೆ ಈ ಭಾಗ ಬಿಡಲೇಬೇಡಿ. ಆ ವಯಸ್ಸಿಗೆ ಚಿಕ್ಕ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದಾ ಅಂತ ನೋಡಲು ಪ್ರಯೋಗಾಲಯಗಳಲ್ಲಿ 31.7 ಮಿಲಿಮೀಟರ್ ಅಡ್ಡಗಲದ ಒಂದು ಕೊಳವೆ ಬಳಸುತ್ತಾರೆ. ಮನೆಯಲ್ಲಿ ರಟ್ಟಿನಲ್ಲಿ 32 ಮಿಲಿಮೀಟರ್ ಅಗಲದ ತೂತು ಕೊರೆದು ಇಟ್ಟುಕೊಳ್ಳಿ. ಕಳಚುವ ಕೈ, ಕತ್ತಿ, ಬಂದೂಕು ಆ ತೂತಿನಲ್ಲಿ ತೂರಿದರೆ ಆ ಆಟಿಕೆ ಪುಟ್ಟ ಮಗು ಇರುವ ಕೋಣೆಯಲ್ಲಿ ಇರಬಾರದು. ನಮ್ಮದರ ಎರಡೂ ಕೈ ತೂರಿದವು. ತಂಗಿಯ ಚಿಕ್ಕ ಮಗಳಿಗೆ ಒಂದೂವರೆ ವರ್ಷ, ಹಾಗಾಗಿ ಡೈನೋಸಾರಿನ ಜಾಗ ಈಗ ಅಟ್ಟದ ಮೇಲಿನ ಡಬ್ಬಿಯಲ್ಲಿ, ಆಡುವಾಗ ಮಾತ್ರ ಕೆಳಗೆ.

ಲೈಟು, ಸದ್ದು ಇರುವುದಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಉಗುರಿನಿಂದ ತೆಗೆಯಲು ಬಂದರೆ ಕೊಳ್ಳಬೇಡಿ ಅಂತಲೇ ಬರೆಯಿರಿ. ಬಿಲ್ಲೆ ಬ್ಯಾಟರಿ ನುಂಗಿದ ಮಗುವಿನ ಅನ್ನನಾಳ ಎರಡು ಗಂಟೆಯೊಳಗೆ ಸುಟ್ಟು ಗಾಯವಾಗಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಜೊತೆಗೆ ಕಡಲಿನ ಗಾಳಿ, ಸ್ಕ್ರೂ ಮತ್ತು ಬ್ಯಾಟರಿಯ ಸ್ಪ್ರಿಂಗ್ ತುಕ್ಕು ಹಿಡಿಯುತ್ತವೆ. ಆಡದಿರುವಾಗ ಬ್ಯಾಟರಿ ತೆಗೆದಿಡಲು ಹೇಳಿ. ಬಿಚ್ಚಿದ ಸ್ಕ್ರೂಗಳನ್ನು ಒಂದು ಗೆರಟೆಯಲ್ಲಿ ಹಾಕಿಟ್ಟರೆ ಕಳೆದುಹೋಗುವುದಿಲ್ಲ.

ಬರೆಯಲು ಕೂತಾಗ

ಮೊದಲ ಸಾಲಿನಲ್ಲೇ ಉತ್ತರ ಕೊಡಿ. ನನ್ನದು ಹೀಗಿತ್ತು: "449 ರೂಪಾಯಿ, ನನ್ನ ದುಡ್ಡಿನಲ್ಲೇ ಕೊಂಡದ್ದು, ಏಳು ವರ್ಷದವನು ನಾಲ್ಕನೇ ದಿನಕ್ಕೆ ಹೆಚ್ಚುಕಡಿಮೆ ತಾನೇ ಬದಲಿಸಿದ, ಹತ್ತನೇ ದಿನಕ್ಕೆ ಎಡಗೈ ಸಡಿಲಾಯಿತು, ಮುರಿದಿಲ್ಲ." ಯಾರಾದರೂ ಸುಮ್ಮನೆ ಕೊಟ್ಟದ್ದಾದರೆ ಅದನ್ನೂ ಅದೇ ಸಾಲಿನಲ್ಲಿ ಹೇಳಿ.

449 ರೂಪಾಯಿಯ ಆಟಿಕೆಯನ್ನು ನಾಲ್ಕು ಸಾವಿರದ್ದರ ಜೊತೆ ಹೋಲಿಸಬೇಡಿ. ಅದೇ ಬೆಲೆಗೆ ಸಿಗುವ ಬೇರೆ ಎರಡರ ಜೊತೆ ಹೋಲಿಸಿ, ಓದುವವರ ಜೇಬಿನಲ್ಲಿ ಇರುವುದು ಅಷ್ಟೇ ದುಡ್ಡು. "ಗುಣಮಟ್ಟ ಚೆನ್ನಾಗಿದೆ" ಅನ್ನುವ ಮಾತು ಬಂದಾಗಲೆಲ್ಲ ಅದನ್ನು ಹೊಡೆದುಹಾಕಿ ನೀವು ಕಂಡದ್ದನ್ನು ಬರೆಯಿರಿ: ಮೆಟ್ಟಿಲಿಗೆ ಬಿದ್ದಾಗ ತಲೆ ಕಳಚಿತು, ಒತ್ತಿದಾಗ ಕೂತಿತು. ಸ್ಟಾರ್ ಕೊಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ಐದಕ್ಕೆ ಮೂರೂವರೆ ಕೊಟ್ಟೆ, ಅರ್ಧ ಕಳೆದದ್ದು ಬರೀ ಆ ಕಾಗದಕ್ಕಾಗಿ.

ತಿಂಗಳಾದ ಮೇಲೆ

ಹಳೇ ಬರಹವನ್ನು ಅಳಿಸಬೇಡಿ, ಕೆಳಗೆ ತಾರೀಕು ಹಾಕಿ ಸೇರಿಸಿ. ಕೀಲಿನ ಮೂರನೇ ಪರೀಕ್ಷೆ, ಬಿಳಿಗೆರೆ, ಬಣ್ಣ, ಮಗು ಇನ್ನೂ ಆಡುತ್ತಿದೆಯಾ ಅನ್ನುವುದು, ಇಷ್ಟು ಸಾಕು. ನಾನು ಸೇರಿಸಿದ್ದು ಇದು: "31ನೇ ದಿನ. ಎಡ ಭುಜಕ್ಕೆ ನೈಲ್ ಪಾಲಿಶ್ ಹಚ್ಚಿದೆ, ಕೈ ಸಮವಾಗಿ ನಿಲ್ಲುತ್ತದೆ. ಬಾಲ ಸೀಳುವ ಮೂಲೆಯಲ್ಲಿ ಸಣ್ಣ ಬಿಳಿಗೆರೆ ಕಂಡಿದೆ, ಫೋಟೋ ಹಾಕಿದ್ದೇನೆ. ಕೆಂಪು ಕಣ್ಣಿನ ಬಣ್ಣ ಅರ್ಧ ಹೋಗಿದೆ. ಹುಡುಗ ಈಗಲೂ ದಿನಕ್ಕೆ ಒಂದೆರಡು ಸಲ ಬದಲಿಸುತ್ತಾನೆ, ಈ ವಾರ ಕಣ್ಣು ಮುಚ್ಚಿಕೊಂಡು ಮಾಡಲು ನೋಡುತ್ತಿದ್ದಾನೆ, ಒಂಬತ್ತನೇ ಹಂತದವರೆಗೆ ಬಂದಿದ್ದಾನೆ."